ಗೂಡಿನ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇರುತ್ತೆ, ಬೆಳಿಗ್ಗೆ ಪಿಳ್ಳೆ ಮಾತ್ರ ಕಮ್ಮಿ! ಯಾರ ಕೆಲಸ ಇದು?

ಹಿತ್ಲುಮನೆ_ಕುಣಿಗಲ್
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡಿದ್ದೆ, ಈಗ ತಲೆ ಕೆಟ್ಟು ಬರೀತಿದೀನಿ. ನಮ್ದು ಕುಣಿಗಲ್ ಹತ್ರ ಹಳ್ಳಿ. ಮನೆ ಹಿಂದೆ ಹುಣಸೆ ಮರದ ಪಕ್ಕ ಕೋಳಿ ಗೂಡು, ಮೂರು ಕಡೆ ಇಟ್ಟಿಗೆ ಗೋಡೆ, ಮುಂದ್ಗಡೆ ಕೋಳಿ ಜಾಲರಿ, ಮೇಲೆ ಸಿಮೆಂಟ್ ಶೀಟು, ಕೆಳಗೆ ಮಣ್ಣು ನೆಲ, ಒಂದು ಮೂಲೇಲಿ ಹಳೇ ಹಾಸುಗಲ್ಲು. ನಾಟಿ ಕೋಳಿ ಹದಿನೈದರ ಮೇಲಿದಾವೆ, ಜೊತೆಗೆ ಗಿರಿರಾಜ ತಳಿಯವು ನಾಲ್ಕು. ಒಂದು ಕರೀ ಯಾಟೆ ಹನ್ನೆರಡು ಮೊಟ್ಟೆ ಮೇಲೆ ಕಾವಿಗೆ ಕೂತು ಹನ್ನೊಂದು ಪಿಳ್ಳೆ ಮಾಡ್ತು, ನಮ್ಮವ್ವ ಊರಿಗೆಲ್ಲಾ ಹೇಳ್ಕೊಂಡು ಬಂದ್ರು. ಆಮೇಲೆ ಶುರುವಾಯ್ತು ನೋಡಿ. ರಾತ್ರಿ ಎಣಿಸಿ ಬಾಗಿಲು ಹಾಕಿ ಬೀಗ ಜಡಿದು ಬರ್ತೀನಿ, ಬೆಳಿಗ್ಗೆ ಒಂದು ಇಲ್ಲ. ಎರಡು ದಿನ ಸುಮ್ನಿರುತ್ತೆ, ಮತ್ತೆ ಒಂದು ಇಲ್ಲ. ಈಗ ಆರು ಉಳಿದಿದಾವೆ. ದೊಡ್ಡ ಕೋಳಿ ಒಂದಕ್ಕೂ ಏನೂ ಆಗಿಲ್ಲ. ಪಕ್ಕದ್ಮನೆಯವ್ರು ದೃಷ್ಟಿ ಅಂತಾರೆ, ನಮ್ಮವ್ವ ಹಾವು ಅಂತಾರೆ, ನನ್ನ ತಮ್ಮ "ನೀನು ಎಣಿಸೋದೇ ಸರಿಯಿಲ್ಲ" ಅಂತಾನೆ. ಗೊತ್ತಿರೋರು ಹೇಳಿ ಪ್ಲೀಸ್.

ಕಳಸದ_ಕಾಫಿ
ಮೊದ್ಲು ಇಷ್ಟಕ್ಕೆ ಉತ್ರ ಕೊಡಿ. ಪುಕ್ಕ ಉದುರಿತ್ತಾ? ರಕ್ತದ ಕಲೆ ಇತ್ತಾ? ಜಾಲರಿ ಎಲ್ಲಾದ್ರೂ ಬಗ್ಗಿದೆಯಾ? ಯಾಟೆ ರಾತ್ರಿ ಕಿರುಚಿದ್ದು ಯಾರಿಗಾದ್ರೂ ಕೇಳ್ತಾ?
ಯಾಕೆ ಕೇಳ್ತಿದೀನಿ ಅಂದ್ರೆ ಒಂದೊಂದು ಕಳ್ಳನದ್ದೂ ಒಂದೊಂದು ವರಸೆ. ನಾಯಿ ಬಂದ್ರೆ ಜಾಲರಿ ಕಿತ್ತು, ಸಿಕ್ಕಿದ್ದನ್ನೆಲ್ಲ ಎಳೆದಾಡಿ, ಅಂಗಳ ತುಂಬ ಪುಕ್ಕ ಮಾಡಿ ಹೋಗತ್ತೆ, ತಿನ್ನೋದು ಕಮ್ಮಿ. ಕಾಡುಬೆಕ್ಕು ಪಿಳ್ಳೆಗೆ ಬರೋದಕ್ಕಿಂತ ದೊಡ್ಡ ಕೋಳೀನೇ ಹೊತ್ಕೊಂಡು ಹೋಗತ್ತೆ, ಪುಕ್ಕದ ದಾರಿ ಬಿಟ್ಟಿರತ್ತೆ. ಕಾಗೆ ಗಿಡುಗ ಎರಡೂ ಹಗಲಿನವು. ನಮ್ಮಲ್ಲಿ ಮುಂಗುಸಿ ಒಂದ್ಸಲ ನುಗ್ಗಿ ಒಂದನ್ನೂ ಪೂರ್ತಿ ತಿನ್ನದೆ ಇದ್ದಬದ್ದದ್ದನ್ನೆಲ್ಲ ಕುತ್ತಿಗೆ ಕಚ್ಚಿ ಹಾಕಿ ಹೋಗಿತ್ತು ಮಾರಾಯ್ರೆ, ಅದೂ ಮಟಮಟ ಮಧ್ಯಾಹ್ನ. ರಾತ್ರಿ ಹೊತ್ತು, ಒಂದೊಂದೇ, ಗುರುತೇ ಇಲ್ಲದೆ ಅಂದ್ರೆ ಹಾವು, ಇಲ್ಲಾ ಹೆಗ್ಗಣ, ಇಲ್ಲಾ ಎರಡು ಕಾಲಿಂದು.

ಹಿತ್ಲುಮನೆ_ಕುಣಿಗಲ್
ರಕ್ತ ಇಲ್ಲ, ಪುಕ್ಕ ಇಲ್ಲ, ಜಾಲರಿ ನೆಟ್ಟಗಿದೆ. ಕಿರುಚಾಟ ಕೇಳಿಲ್ಲ, ಆದ್ರೆ ನಾವು ಮಲಗೋದು ಮುಂದಿನ ರೂಮಲ್ಲಿ, ಫ್ಯಾನ್ ಸದ್ದಲ್ಲಿ ಕೇಳಲ್ಲ. ಹಾಂ, ಒಂದು ಹೇಳೋದು ಮರೆತೆ. ಮೊನ್ನೆ ಒಂದು ಪಿಳ್ಳೆ ಒಳಗೇ ಸತ್ತು ಬಿದ್ದಿತ್ತು. ಮೈಯೆಲ್ಲಾ ಒದ್ದೆ, ಪುಕ್ಕ ಅಂಟ್ಕೊಂಡು ಕುತ್ತಿಗೆ ಉದ್ದಕ್ಕೆ ಚಾಚಿತ್ತು. ಗಾಯ ಇರ್ಲಿಲ್ಲ.

ಗೌಡ್ರ_ಸೊಸೆ_ಮಂಡ್ಯ
ಎರಡು ಕಾಲಿಂದೇ ಇರ್ಬೇಕು ಕಣಣ್ಣ 😄 ನಮ್ಮೂರಲ್ಲಿ ಹೊಸತೊಡಕಿನ ಹಿಂದಿನ ರಾತ್ರಿ ಯಾರ್ ಯಾರ್ ಮನೆ ಹುಂಜ ಯಾರ್ ಯಾರ್ ಸಾರಿಗೆ ಬಿತ್ತು ಅಂತ ಆಮೇಲೆ ಎಂಟು ದಿನ ಪಂಚಾಯ್ತಿ. ನಮ್ಮತ್ತೆ ಅದಕ್ಕೇ ಯುಗಾದಿಗೆ ವಾರ ಮುಂಚಿಂದ ಹುಂಜಾನ ಹಜಾರದಲ್ಲಿ ಪಂಜರ ಕವುಚಿ ಮಲಗಿಸ್ತಾರೆ, ಅದು ಮೂರೂವರೆಗೆ ಕೂಗಿ ಮನೆಮಂದಿನೆಲ್ಲಾ ಎಬ್ಸುತ್ತೆ. ಆದ್ರೆ ಕಳ್ರು ಪಿಳ್ಳೆ ಯಾಕೆ ಕದೀತಾರೆ ಅನ್ನೋದೂ ಇದೆ.

ನಿವೃತ್ತ_ಪಶುವೈದ್ಯ
ಆ ಒದ್ದೆಯಾಗಿ ಸತ್ತ ಪಿಳ್ಳೆ ಬಗ್ಗೆ ಓದಿದ ಮೇಲೆ ನನಗೆ ಹೆಚ್ಚು ಅನುಮಾನ ಇಲ್ಲ, ಹಾವು. ಹಾವು ಬೇಟೆಯನ್ನ ತಲೆ ಕಡೆಯಿಂದ ನುಂಗೋಕೆ ಶುರು ಮಾಡುತ್ತೆ, ಯಾಟೆ ಕುಕ್ಕಿದಾಗಲೋ ಬೆಳಕು ಕಂಡಾಗಲೋ ಅರ್ಧಕ್ಕೆ ಉಗುಳಿ ಹೋಗುತ್ತೆ, ಆಗ ಹೀಗೇ ಎಂಜಲಲ್ಲಿ ಒದ್ದೆಯಾಗಿ ಕುತ್ತಿಗೆ ಎಳೆದ ಹಾಗೆ ಸಿಗುತ್ತೆ. ನಿಮ್ಮ ಕಡೆ ಕೇರೆ ಹಾವು ಇರಬಹುದು, ನಾಗರವೂ ಇರಬಹುದು. ನಾಗರ ಕೋಳಿ ಮೊಟ್ಟೆಯನ್ನೂ ನುಂಗುತ್ತೆ. ದಯವಿಟ್ಟು ಕತ್ತಲೆಯಲ್ಲಿ ಗೂಡಿನೊಳಗೆ ಕೈ ಹಾಕಬೇಡಿ, ಮೊಟ್ಟೆ ತೆಗೆಯೋದಿದ್ದರೂ ಟಾರ್ಚ್ ಹಾಕಿ ನೋಡಿ. ಕಂಡರೆ ಹೊಡೆಯೋಕೂ ಹೋಗಬೇಡಿ, ಎರಡೂ ಕಾನೂನಿನ ರಕ್ಷಣೆ ಇರೋ ಹಾವುಗಳು. ಅರಣ್ಯ ಇಲಾಖೆ ಸಹಾಯವಾಣಿ 1926.

ಪುತ್ತೂರಿನವ
ಡಾಕ್ಟ್ರು ಹೇಳಿದ್ದು ಸರಿ. ನಮ್ಮಲ್ಲಿ ಹೆಬ್ಬಾವೇ ಬರ್ತದೆ, ಬಂದ್ರೆ ನಾವು ಹುಡುಕುವ ಕೆಲಸ ಇಲ್ಲ, ಕೋಳಿ ನುಂಗಿ ದಪ್ಪ ಆಗಿ ಹೊರಗೆ ಹೋಗ್ಲಿಕ್ಕೆ ಆಗದೆ ಬೆಳಿಗ್ಗೆ ಗೂಡಲ್ಲೇ ಮಲಗಿರ್ತದೆ 🙂 ಕೆಲವರು ಗೂಡಿನ ಸುತ್ತ ಹಳೆ ಮೀನಿನ ಬಲೆ ಬಿಡ್ತಾರೆ, ಹಾವು ಅದ್ರಲ್ಲಿ ಸಿಕ್ಕಿ ಬೀಳ್ತದೆ.

ಕಳಸದ_ಕಾಫಿ
ಬಲೆ ಬೇಡ ಮಾರಾಯ್ರೆ. ನೈಲಾನ್ ದಾರ ಹಾವಿನ ಚರ್ಮಕ್ಕೆ ಕೊಯ್ದು ಒಳಗೆ ಇಳಿದಿರತ್ತೆ, ಹೊರಳಾಡಿದಷ್ಟೂ ಬಿಗಿ. ಒಂದು ನಾಗರ ಹಂಗೆ ಸಿಕ್ಕಿಕೊಂಡಿದ್ದನ್ನ ಬಿಡಿಸೋಕೆ ಹಾವು ಹಿಡಿಯೋರು ಪಟ್ಟ ಪಾಡು ನೋಡಿದೀನಿ, ಅದು ಸಿಟ್ಟಲ್ಲಿ ಇರತ್ತೆ, ನೀವು ಬೆಳಿಗ್ಗೆ ಚಪ್ಪಲಿ ಹಾಕ್ಕೊಂಡು ಮೊಟ್ಟೆ ತರೋಕೆ ಹೋಗ್ತೀರಿ, ಯೋಚ್ನೆ ಮಾಡಿ.

ಗದಗ_ಬಿಸಲು
ನಮ್ಮ ಕಡೆ ಹಾವಿಗಿಂತ ಹದ್ದಿನ ಕಾಟ ಭಾಳ ರೀ. ಬಯಲು ನೋಡ್ರಿ, ಗಿಡ ಕಮ್ಮಿ, ಮರಿಗೆ ಅಡಗಾಕ ಜಾಗ ಇಲ್ಲ. ನಮ್ಮ ಮಾವ ಮರಿಗೆಲ್ಲ ಗುಲಾಬಿ ಬಣ್ಣ ಹಚ್ಚಿ ಬಿಟ್ಟಿದ್ರು, ಹದ್ದಿಗೆ ಗುರ್ತು ಸಿಗೂದಿಲ್ಲಂತ. ಹದ್ದು ಬರೂದು ಕಮ್ಮಿ ಆತು, ಆದ್ರ ಓಣಿ ಹುಡುಗ್ರು ಜಾತ್ರ್ಯಾಗಿನ ಮರಿ ಅನ್ಕೊಂಡು ಕಿಸೆದಾಗ ಹಾಕ್ಕೊಂಡು ಹೋಗಾಕತ್ತಿದ್ರು. ಅದಕ್ಕೆ ಈಗ ಕಣಕಿ ಬಣವಿ ಬಾಜೂಕ ಒಂದು ಹಳೇ ಹೊರಸು ಇಟ್ಟೀವಿ, ಹದ್ದಿನ ನೆರಳು ಬಿದ್ರ ಸಾಕು ತಾಯಿ ಕೋಳಿ ಒಂದ ಸಲ ಕೂಗ್ತದ, ಎಲ್ಲಾ ಹೊರಸಿನ ಬುಡಕ್ಕ.

ಸಿರ್ಸಿ_ಅಡಿಕೆ
ಒಂದು ಅನುಮಾನ. ಹಿತ್ಲುಮನೆಯವರೇ, ನಿಮ್ಮ ಜಾಲರಿ ಕಣ್ಣು ಎಷ್ಟು ಅಗಲ? ಆರು ಮೂಲೆ ಇರೋ ಮಾಮೂಲಿ ಜಾಲರಿ ಆದ್ರೆ ಹೆಚ್ಚೂಕಮ್ಮಿ ಒಂದಿಂಚು ಅಥವಾ ಮುಕ್ಕಾಲು ಇಂಚು ಇರ್ತು. ಅದ್ರೊಳಗೆ ತೂರೋ ಹಾವು ತೆಳ್ಳಗಿನದು. ಪಿಳ್ಳೆ ನುಂಗಿದ ಮೇಲೆ ಹೊಟ್ಟೆ ಉಬ್ಬಿದ ಹಾವು ಅದೇ ಕಣ್ಣಲ್ಲಿ ವಾಪಸ್ ಹೋಗೋಕೆ ಆಗ್ತಿಲ್ಲೆ, ಪುತ್ತೂರಿನವರು ಹೇಳಿದ ಹಾಗೆ ಬೆಳಿಗ್ಗೆ ಒಳಗೇ ಸಿಗ್ಬೇಕಿತ್ತು. ನಿಮಗೆ ಒಂದು ಸಲನೂ ಸಿಕ್ಕಿಲ್ಲ. ಹಾಗಾದ್ರೆ ಜಾಲರಿ ದಾರಿ ಅಲ್ಲ. ನೆಲ ನೋಡಿ, ಹಾಸುಗಲ್ಲಿನ ಸುತ್ತ ನೋಡಿ.

ನಿವೃತ್ತ_ಪಶುವೈದ್ಯ
ಒಳ್ಳೆ ಪಾಯಿಂಟ್. ಬೇರೆ ಬಿಲ ಇದ್ದರೆ ಹಾವು ಆ ದಾರಿಯಲ್ಲೂ ಬಂದು ಹೋಗಬಹುದು, ಆದ್ದರಿಂದ ಪೂರ್ತಿ ತಳ್ಳಿಹಾಕಲ್ಲ. ನೋಡಿ ಹೇಳಲಿ.

ಯಲಹಂಕ_ಟೆರೇಸ್
ನಿಮ್ದು ಪರವಾಗಿಲ್ಲ ಸರ್, ಕಳ್ಳ ಯಾರು ಅಂತ ಗೊತ್ತಿಲ್ಲ ಅಷ್ಟೇ. ನಮ್ದು ಕೇಳಿ. ಟೆರೇಸ್ ಮೇಲೆ ಶೀಟ್ ಹಾಕಿ ನಾಲ್ಕು ಕೋಳಿ ಇಟ್ಟಿದೀನಿ, ಹೇಂಟೆ ಅಂತ ತಂದ ಪಿಳ್ಳೆ ಒಂದು ಹುಂಜ ಆಗ್ಬಿಡ್ತು. ಶುರುವಿಗೆ ಗಂಟಲು ಕಟ್ಟಿದವ್ರ ಥರ ಏನೋ ಅರ್ಧಂಬರ್ಧ ಕೂಗ್ತಿತ್ತು, ಮಕ್ಕಳು ನಕ್ಕರು, ನಾನೂ ನಕ್ಕೆ. ಈಗ ಬೆಳಗಿನ ಜಾವ ನಾಲ್ಕಕ್ಕೆ ಶುರು ಮಾಡಿದ್ರೆ ಬೀದಿ ದೀಪ ಆರೋವರೆಗೂ ಬಿಡಲ್ಲ, ಎದುರು ಮನೆ ಅಂಕಲ್ ನೈಟ್ ಶಿಫ್ಟ್ ಮಾಡೋರು, ಸೀದಾ ಬಂದು "ಇದನ್ನ ನೀವು ಮಾಡ್ತೀರೋ ನಾವು ಮಾಡ್ಲೋ" ಅಂದ್ರು, ಅವ್ರು ಸಾರಿನ ಬಗ್ಗೆ ಮಾತಾಡ್ತಿದಾರೆ ಅಂತ ಅರ್ಥ ಆಗೋಕೆ ಸ್ವಲ್ಪ ಹೊತ್ತಾಯ್ತು. ರಾತ್ರಿ ಕತ್ತಲೆ ಪೆಟ್ಟಿಗೇಲಿ ಇಟ್ರೆ ಕೂಗಲ್ವಂತೆ, ನಿಜಾನಾ?

ನಿವೃತ್ತ_ಪಶುವೈದ್ಯ
ಕತ್ತಲೆ ಇದ್ದರೂ ಕೂಗುತ್ತೆ. ಹುಂಜದ ಮೈಯಲ್ಲೇ ಒಂದು ಗಡಿಯಾರ ಇದೆ, ಬೆಳಕು ಹರಿಯೋ ಮುಂಚೆಯೇ ಶುರು ಮಾಡುತ್ತೆ. ಪೆಟ್ಟಿಗೆಯಿಂದ ಸದ್ದು ಸ್ವಲ್ಪ ತಗ್ಗಬಹುದು ಅಷ್ಟೇ, ಅದೂ ಗಾಳಿ ಆಡೋ ಹಾಗಿರಬೇಕು, ಬೆಂಗಳೂರಿನ ಬೇಸಿಗೆಯಲ್ಲಿ ಮುಚ್ಚಿಟ್ಟರೆ ಉಸಿರು ಕಟ್ಟುತ್ತೆ. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿ ಮಾಡಿಸೋಕೆ ಮಾತ್ರ ಬೇಕು. ಊರಲ್ಲಿ ಯಾರಿಗಾದರೂ ಕೊಟ್ಟುಬಿಡಿ.

ಪುತ್ತೂರಿನವ
ನಮ್ಮ ಊರಿಗೆ ಕಳಿಸ್ಬೇಡಿ ಆಯ್ತಾ, ಇಲ್ಲಿ ಒಳ್ಳೆ ಹುಂಜ ಕಂಡ್ರೆ ಸಾಕು ಅಂಕಕ್ಕೆ, ಅಂದ್ರೆ ಕೋಳಿ ಕಾಳಗಕ್ಕೆ, ಕೊಡ್ತೀರಾ ಅಂತ ಕೇಳ್ಕೊಂಡು ಬರ್ತಾರೆ.

ಆಸ್ಟಿನ್_ಕನ್ನಡಿಗ
ಇಲ್ಲಿ ಟೆಕ್ಸಾಸಲ್ಲಿ ನಮ್ಮ ಬ್ಯಾಕ್‌ಯಾರ್ಡಲ್ಲೂ ಐದು ಹೇಂಟೆ ಇದಾವೆ. ನಮ್ಮ ಕಳ್ಳ ರಕೂನ್ ಅನ್ನೋ ಕಾಡುಪ್ರಾಣಿ, ಅದಕ್ಕೆ ಮನುಷ್ಯರ ಥರ ಕೈ ಇದೆ, ಮಾಮೂಲಿ ಚಿಲಕ ತೆಗೆದು ಒಳಗೆ ಹೋಗುತ್ತೆ. ಅದಕ್ಕೇ ಇಲ್ಲಿ ಎಲ್ಲರೂ ಅರ್ಧ ಇಂಚಿನ ಚೌಕ ಕಣ್ಣಿನ ವೆಲ್ಡ್ ಜಾಲರಿ ಹಾಕಿ, ಗೂಡಿನ ಹೊರಗೆ ನೆಲದ ಮೇಲೂ ಒಂದೆರಡು ಅಡಿ ಮಡಿಸಿ ಮಣ್ಣು ಮುಚ್ತಾರೆ. ಗೋಡೆ ಬುಡದಲ್ಲಿ ತೋಡೋಕೆ ಬಂದ ಪ್ರಾಣಿಗೆ ಜಾಲರಿ ಅಡ್ಡ ಸಿಗುತ್ತೆ, ಎರಡಡಿ ಹಿಂದೆ ಹೋಗಿ ಅಲ್ಲಿಂದ ತೋಡ್ಬೇಕು ಅಂತ ಅದಕ್ಕೆ ಹೊಳೆಯಲ್ಲ. ಆರು ಮೂಲೆ ಜಾಲರಿ ಕೋಳಿಯನ್ನ ಒಳಗೆ ಇಡೋಕೆ ಸರಿ, ಬೇರೆಯವ್ರನ್ನ ಹೊರಗೆ ಇಡೋಕೆ ಅಲ್ಲ.

ಗೌಡ್ರ_ಸೊಸೆ_ಮಂಡ್ಯ
ಇದ್ರ ಮಧ್ಯ ನನ್ನದೊಂದು. ನಮ್ಮ ಕೆಂಪು ಯಾಟೆ ಕಾವಿಗೆ ಕೂತಿದ್ದು ಹತ್ತು ಹನ್ನೆರಡು ದಿನಕ್ಕೆ ಎದ್ದು ಎದ್ದು ನಿಲ್ಲುತ್ತೆ, ಮೊಟ್ಟೆ ಮೇಲೆ ಕೂರೋಕೇ ಮನಸ್ಸಿಲ್ಲ. ಅತ್ತೆ ಹೇಳ್ತಾರೆ ಗುಡುಗಿಗೆ ಮೊಟ್ಟೆ ಕೆಟ್ಟೋಗಿದೆ, ಅದಕ್ಕೆ ಗೊತ್ತಾಗಿದೆ ಅಂತ. ಮಂಕ್ರಿಗೆ ಇದ್ದಿಲು, ಒಣಮೆಣಸಿನಕಾಯಿ, ಕಬ್ಬಿಣದ ಮೊಳೆ ಎಲ್ಲಾ ಹಾಕೇ ಕೂರ್ಸಿದ್ದು.

ಕಳಸದ_ಕಾಫಿ
ಅಕ್ಕ, ರಾತ್ರಿ ಟಾರ್ಚ್ ತಗೊಂಡು ಹೋಗಿ ಆ ಮಂಕ್ರಿ ಹುಲ್ಲಿಗೆ ಕೈ ಇಟ್ಟು ನೋಡಿ. ಕೈಮೇಲೆ ಸಣ್ಣಗೆ ಏನೋ ಹರಿದಾಡಿದ್ರೆ ಕೋಳಿ ಹೇನು. ಕೂತಲ್ಲೇ ಕೂತಿರೋ ಯಾಟೆ ಮಣ್ಣಲ್ಲಿ ಹೊರಳೋಕೆ ಹೋಗಲ್ಲ, ಹೇನಿಗೆ ಅದೇ ಹಬ್ಬ. ಕಡಿತ ತಡೀಲಾರ್ದೆ ಎದ್ದು ನಿಲ್ಲತ್ತೆ, ಪಾಪ ಕೆಲವು ರಕ್ತ ಕಮ್ಮಿಯಾಗಿ ಕೂತಲ್ಲೇ ಸಾಯ್ತವೆ.

ಗೌಡ್ರ_ಸೊಸೆ_ಮಂಡ್ಯ
ಅಯ್ಯೋ ಹೌದು!! ಈಗ ನೋಡ್ಕೊಂಡು ಬಂದೆ, ಕೈಯೆಲ್ಲಾ ಹತ್ಕೊಂಡ್ತು, ಮೈ ನವೆ ಶುರು. ಏನ್ ಮಾಡ್ಲಿ, ಮೊಟ್ಟೆ ಎಸೆದ್ಬಿಡ್ಲಾ?

ಕಳಸದ_ಕಾಫಿ
ಎಸೀಬೇಡಿ. ಹೊಸ ಮಂಕ್ರಿಗೆ ಬೂದಿ ಹರವಿ ಮೇಲೆ ಒಣಗಿದ ಲಕ್ಕಿ ಸೊಪ್ಪೋ ಬೇವಿನ ಸೊಪ್ಪೋ ಹಾಕಿ, ಅದ್ರ ಮೇಲೆ ಹೊಸ ಹುಲ್ಲು. ಮೊಟ್ಟೆನ ಒಣ ಬಟ್ಟೇಲಿ ಮೆಲ್ಲಗೆ ಒರೆಸಿ ವರ್ಗಾಯ್ಸಿ, ಹಳೇ ಹುಲ್ಲು ಸುಟ್ಟುಬಿಡಿ. ಯಾಟೆಗೆ ರೆಕ್ಕೆ ಕೆಳಗೆ, ಬಾಲದ ಬುಡಕ್ಕೆ ಬೂದಿ ಉಜ್ಜಿ. ಇಷ್ಟೆಲ್ಲಾ ಅರ್ಧ ಗಂಟೆ ಒಳಗೆ ಮುಗಿಸಿ, ಮೊಟ್ಟೆ ತಣ್ಣಗಾಗ್ಬಾರ್ದು.

ನಿವೃತ್ತ_ಪಶುವೈದ್ಯ
ಸರಿಯಾದ ಸಲಹೆ. ತೋಟಕ್ಕೆ ಹೊಡೆಯೋ ಕೀಟನಾಶಕ ಮಾತ್ರ ಯಾರೂ ಕೋಳಿ ಮೈಗೆ ಹಾಕಬೇಡಿ, ಹೇನಿನ ಜೊತೆ ಕೋಳಿಯೂ ಹೋಗಿದ್ದನ್ನ ಸರ್ವಿಸಿನಲ್ಲಿ ಸಾಕಷ್ಟು ಕಂಡಿದ್ದೇನೆ. ಇನ್ನು ಗುಡುಗು, ಇದ್ದಿಲು, ಮೊಳೆ. ನಮ್ಮ ತಾಯಿಯೂ ಹಾಕ್ತಿದ್ದರು. ಮಳೆಗಾಲದಲ್ಲಿ ಮೊಟ್ಟೆ ಹೆಚ್ಚು ಕೆಡೋದು ನಿಜ, ಆದರೆ ಅದು ತೇವ, ತಂಪು, ಕೊಳಕಾದ ಮೊಟ್ಟೆ ಇವುಗಳಿಂದ. ಕಾವಿಗೆ ಇಡೋ ಮೊಟ್ಟೆ ಏಳೆಂಟು ದಿನಕ್ಕಿಂತ ಹಳೆಯದಾಗಬಾರದು, ಚೂಪು ತುದಿ ಕೆಳಗೆ ಮಾಡಿ ತಂಪಾದ ಜಾಗದಲ್ಲಿ ಇಟ್ಟಿರಬೇಕು. ಏಳನೇ ದಿನ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ, ಸಣ್ಣ ಕೆಂಪು ನರಗಳು ಕಂಡರೆ ಜೀವ ಇದೆ, ತಿಳಿಯಾಗಿದ್ದರೆ ಇಲ್ಲ. 21 ದಿನ ಕೂತಮೇಲೆ ಕೊಳೆತ ಮೊಟ್ಟೆ ಒಡೆದು ಆ ವಾಸನೆ ಕುಡಿಯೋ ಬದಲು ಇದು ವಾಸಿ.

ಗೌಡ್ರ_ಸೊಸೆ_ಮಂಡ್ಯ
ಸರಿ ಡಾಕ್ಟ್ರೇ. ಮೊಳೆ ಮಾತ್ರ ಇರ್ಲಿ ಅಂತಿದಾರೆ ಅತ್ತೆ 😅

ಗದಗ_ಬಿಸಲು
ನಂದೂ ಒಂದು ಕೇಳ್ರಿ. ಗಿರಿರಾಜ ಮೊಟ್ಟಿ ನಾಟಿ ಕೋಳಿ ಬುಡಕ ಇಟ್ಟು ಮರಿ ಮಾಡಿಸಿದ್ವಿ, ಒಂದೊಂದು ಮರಿ ಒಂದೊಂದು ನಮೂನಿ ಬೆಳದಾವು. ಒಂದು ದೈತ್ಯ, ಒಂದು ಪೀಚು. ತಳಿ ಕೆಟ್ಟಿತೇನ್ರಿ?

ನಿವೃತ್ತ_ಪಶುವೈದ್ಯ
ತಳಿ ಕೆಟ್ಟಿದ್ದಲ್ಲ, ಅದು ಮಿಶ್ರ ತಳಿ. ಬೆಂಗಳೂರಿನ ಹೆಬ್ಬಾಳದಲ್ಲಿ ಬೇರೆ ಬೇರೆ ವಂಶ ಕೂಡಿಸಿ ಮಾಡಿದ್ದು. ನಿಮ್ಮ ಮನೆಯಲ್ಲಿ ಅದರ ಮೊಟ್ಟೆಯಿಂದ ಬಂದ ಮರಿಗೆ ಆ ಗುಣಗಳು ಒಂದೇ ಸಮ ಬರಲ್ಲ, ಪ್ರತಿ ಸಲ ಹೊಸ ಮರಿಯನ್ನೇ ತರಬೇಕು. ಅಲ್ಲಿಯದೇ ಇನ್ನೊಂದು ತಳಿ ಸ್ವರ್ಣಧಾರಾಕ್ಕೂ ಇದೇ ಮಾತು. ಗಿರಿರಾಜ ವರ್ಷಕ್ಕೆ 130ರಿಂದ 150ರವರೆಗೆ ಮೊಟ್ಟೆ ಕೊಡುತ್ತೆ, ನಾಟಿ ಅದರ ಅರ್ಧವೂ ಕೊಡೋದು ಕಷ್ಟ. ಆದರೆ ಕಾವಿಗೆ ಕೂರೋದು, ನಾಯಿ ಕಂಡರೆ ಮರಕ್ಕೆ ಹಾರೋದು, ಈ ವಿದ್ಯೆಯಲ್ಲಿ ನಾಟಿಯೇ ಮೇಲು. ಗಿರಿರಾಜಕ್ಕೆ ಮೈ ಭಾರ.

ಕಳಸದ_ಕಾಫಿ
ನಮ್ಮ ತೋಟದಲ್ಲಿ ಕಾಡುಕೋಳಿ ಹುಂಜ ಬೆಳಿಗ್ಗೆ ಬೆಳಿಗ್ಗೆ ಬಂದು ನಮ್ಮ ಹೇಂಟೆ ಜೊತೆ ಮೇಯತ್ತೆ, ನಮ್ಮ ಹುಂಜಕ್ಕೆ ಅದನ್ನ ಕಂಡ್ರೆ ಕೈಕಾಲು ನಡುಕ. ಅಂದಹಾಗೆ ನಾಟಿ ಕೋಳಿ ಕಾಲು ಹಳದಿ ಇರೋದು ನಮ್ಮ ಕಾಡಿನ ಬೂದು ಕಾಡುಕೋಳಿಯಿಂದ ಬಂದ ಗುಣ ಅಂತ 2008ರಲ್ಲಿ ಸ್ವೀಡನ್ ಕಡೆ ವಿಜ್ಞಾನಿಗಳು ಜೀನ್ ನೋಡಿ ಹೇಳಿದ್ರು. ಮಿಕ್ಕ ವಂಶ ಎಲ್ಲಾ ಮುಖ್ಯವಾಗಿ ಕೆಂಪು ಕಾಡುಕೋಳಿದು. ಕೆಂಟಕಿ ಡಬ್ಬದೊಳಗಿನ ಹಳದಿ ಚರ್ಮಕ್ಕೂ ಪಶ್ಚಿಮ ಘಟ್ಟಕ್ಕೂ ಸಂಬಂಧ ಇರ್ಬೋದು ಅಂತ ನೆನೆಸ್ಕೊಂಡ್ರೆ ಮಜಾ.

ಹಿತ್ಲುಮನೆ_ಕುಣಿಗಲ್
ಎಲ್ಲರೂ ಕೂತ್ಕೊಂಡು ಓದಿ, ಅಪ್‌ಡೇಟ್ ಇದೆ.
ಸಿರ್ಸಿಯವರು ಹೇಳಿದ ಮೇಲೆ ಹಳೇ ಮೊಬೈಲ್ ಒಂದಿತ್ತು, ಅದನ್ನ ಗೂಡಿನ ಮೂಲೆಗೆ ಕಟ್ಟಿ ಸಣ್ಣ ಬಲ್ಬ್ ಹಾಕಿ ರೆಕಾರ್ಡಿಂಗ್ ಇಟ್ಟೆ. ಮೊದಲ ರಾತ್ರಿ ಸ್ಟೋರೇಜ್ ಫುಲ್ ಆಗಿ ಹನ್ನೊಂದಕ್ಕೇ ನಿಂತೋಗಿತ್ತು, ತಮ್ಮನ ಮದುವೆ ವಿಡಿಯೋ ಎಲ್ಲಾ ಅದ್ರಲ್ಲೇ ಇತ್ತು. ಅದನ್ನೆಲ್ಲಾ ಖಾಲಿ ಮಾಡಿ ಮತ್ತೆ ಇಟ್ಟೆ. ರಾತ್ರಿ ಒಂದೂ ಮುಕ್ಕಾಲು, ಹಾಸುಗಲ್ಲಿನ ಪಕ್ಕದ ಮಣ್ಣು ಅಲ್ಲಾಡುತ್ತೆ, ಒಂದು ಮೂತಿ ಬರುತ್ತೆ, ಆಮೇಲೆ ಇಷ್ಟು ದಪ್ಪ ಹೆಗ್ಗಣ!! ಮೊದ್ಲು ಸೀದಾ ನುಚ್ಚಿನ ಬಕೆಟ್ ಹತ್ರ ಹೋಗಿ ಆರಾಮಾಗಿ ಊಟ ಮಾಡ್ತು. ಕೋಳಿಗಳು ಕಂಬದ ಮೇಲೆ ಕೂತು ನೋಡ್ತಿದಾವೆ ಅಷ್ಟೇ, ಯಾರೂ ಕಮಕ್ ಕಿಮಕ್ ಅನ್ನಲ್ಲ. ಆಮೇಲೆ ಯಾಟೆ ರೆಕ್ಕೆ ಅಂಚಲ್ಲಿ ಹೊರಗೆ ಮಲಗಿದ್ದ ಪಿಳ್ಳೆನ ಬಾಯಲ್ಲಿ ಕಚ್ಕೊಂಡು ಬಿಲಕ್ಕೆ. ಯಾಟೆ ಎದ್ದು ಕುಕ್ಕೋಕೆ ಹೋಗೋಷ್ಟ್ರಲ್ಲಿ ಮಣ್ಣೊಳಗೆ.
ಬೆಳಿಗ್ಗೆ ಹಾರೆ ಹಾಕಿ ಕಲ್ಲು ಎತ್ತಿದ್ರೆ ಕೆಳಗೆ ಸುರಂಗ, ಹುಣಸೆ ಬೇರಿನ ತನಕ. ಒಳಗೆ ಪಿಳ್ಳೆ ಕಾಲು, ಮೊಟ್ಟೆ ಚಿಪ್ಪು, ನಮ್ಮವ್ವನ ಕಾಣೆಯಾಗಿದ್ದ ಸೋಪಿನ ತುಂಡು, ಅರ್ಧ ಸೇರು ರಾಗಿ.

ಸಿರ್ಸಿ_ಅಡಿಕೆ
ಹಂಗಾದ್ರೆ ಆ ಒದ್ದೆ ಪಿಳ್ಳೆ?

ಹಿತ್ಲುಮನೆ_ಕುಣಿಗಲ್
ಅದೂ ಗೊತ್ತಾಯ್ತು, ಇನ್ನೊಂದು ಪಿಳ್ಳೆಯಿಂದ. ಸಂಜೆ ಹೊತ್ತು ನೀರಿನ ಬೋಗುಣಿ ಅಂಚು ಹತ್ತಿ ಒಳಗೆ ಬಿತ್ತು, ಅಲ್ಯೂಮಿನಿಯಂ ಜಾರುತ್ತಲ್ಲ, ಮೇಲೆ ಬರೋಕೆ ಆಗ್ತಿಲ್ಲ. ನಾನು ಅಲ್ಲೇ ಇದ್ದೆ, ಎತ್ತಿ ಬಟ್ಟೇಲಿ ಸುತ್ತಿ ಒಲೆ ಪಕ್ಕ ಇಟ್ಟೆ, ಬದುಕ್ತು. ಮೊನ್ನೆ ಸತ್ತಿದ್ದು ಹಿಂಗೇ ನೀರಲ್ಲಿ ಮುಳುಗಿ ಹೇಗೋ ಹೊರಗೆ ಬಂದು ಚಳಿಗೆ ಹೋಗಿದೆ ಅನ್ಸುತ್ತೆ, ಬೋಗುಣಿ ಪಕ್ಕದಲ್ಲೇ ಬಿದ್ದಿತ್ತು.

ನಿವೃತ್ತ_ಪಶುವೈದ್ಯ
ಹಾವಿಗೆ ನನ್ನ ಕ್ಷಮಾಪಣೆ ತಿಳಿಸಿ 🙂 ಪಿಳ್ಳೆ ಇರುವಾಗ ಅಗಲ ತಟ್ಟೆಯಲ್ಲಿ ನೀರಿಟ್ಟು ಅದರ ತುಂಬ ಬೆಣಚುಕಲ್ಲು ಹಾಕಿ, ಕಲ್ಲಿನ ಸಂದಿಯಲ್ಲಿ ಕೊಕ್ಕು ಹೋಗಬೇಕು, ಮೈ ಹೋಗಬಾರದು. ಮೊದಲ ವಾರ ಪಿಳ್ಳೆಗೆ ಸುಮಾರು 35 ಡಿಗ್ರಿ ಬಿಸಿ ಬೇಕು, ಒದ್ದೆಯಾದರೆ ಗಂಟೆಯೊಳಗೆ ಹೋಗುತ್ತೆ.

ಗದಗ_ಬಿಸಲು
ಹೆಗ್ಗಣಕ್ಕ ಔಷಧ ಇಟ್ಟುಬಿಡ್ರಿ ಮತ್ತ.

ಸಿರ್ಸಿ_ಅಡಿಕೆ
ಬೇಡ. ಪಾಷಾಣ ತಿಂದ ಹೆಗ್ಗಣ ಬಿಲದಲ್ಲೇ ಸಾಯ್ತು ಅಂತ ಗ್ಯಾರಂಟಿ ಇಲ್ಲೆ. ಅಂಗಳಕ್ಕೆ ಬಂದು ಬಿದ್ರೆ ಕೋಳಿ ಕುಕ್ತು, ನಾಯಿ ತಿಂತು, ಔಷಧ ಹಾಕಿದ ಕಾಳನ್ನ ಹೆಗ್ಗಣ ಬಾಯಲ್ಲಿ ತಂದು ಕೋಳಿ ಮುಂದೆ ಉದುರಿಸೋದೂ ಉಂಟು. ಬೋನು ಇಡಿ. ಅದಕ್ಕೂ ಮುಂಚೆ ರಾತ್ರಿ ಗೂಡಲ್ಲಿ ನುಚ್ಚು ಇಡೋದು ನಿಲ್ಸಿ. ವಿಡಿಯೋದಲ್ಲಿ ಅದು ಮೊದ್ಲು ಹೋಗಿದ್ದು ಎಲ್ಲಿಗೆ ಹೇಳಿ? ಬಕೆಟ್ಟಿಗೆ. ಅದು ಪಿಳ್ಳೆ ಹುಡುಕ್ಕೊಂಡು ಬಂದಿದ್ದಲ್ಲ, ನುಚ್ಚಿಗೆ ಬಂದಿದ್ದಕ್ಕೆ ಪಿಳ್ಳೆ ಸಿಕ್ತು. ಕೋಳಿ ಕತ್ತಲಾದ್ಮೇಲೆ ತಿನ್ನೋದಿಲ್ಲೆ, ರಾತ್ರಿ ಇಟ್ಟ ಮೇವೆಲ್ಲ ಬೇರೆಯವರಿಗೇ. ಸಂಜೆ ಉಳಿದಿದ್ದು ಗುಡಿಸಿ, ಮೇವನ್ನ ತಗಡಿನ ಡಬ್ಬಕ್ಕೆ ಹಾಕಿ ಮುಚ್ಚಿಡಿ. ಪ್ಲಾಸ್ಟಿಕ್ ಡ್ರಮ್ಮು ಕಡೀತು.

ಪುತ್ತೂರಿನವ
ಇನ್ನೊಂದು ಉಂಟು. ಹೆಗ್ಗಣ ಇದ್ದಲ್ಲಿಗೆ ಅದನ್ನು ತಿನ್ಲಿಕ್ಕೆ ಕೇರೆ ಹಾವು ಬಂದೇ ಬರ್ತದೆ. ಈಗ ಬಿಲ ತೆಗೆದ್ರಲ್ಲ, ನೋಡಿ ಬೇಕಾದ್ರೆ.

ಹಿತ್ಲುಮನೆ_ಕುಣಿಗಲ್
ನಿಮ್ಮ ಬಾಯಿ ಹರಕೆ ಸರ್. ಇವತ್ತು ಮಧ್ಯಾಹ್ನ ಆ ಸುರಂಗದ ಬಾಯಲ್ಲಿ ಉದ್ದಕ್ಕೆ ಹಳದಿ ಕಂದು ಹಾವು, ನಮ್ಮವ್ವ ನಾನು ಹೇಳಿರ್ಲಿಲ್ವಾ ಅಂತ ಕೋಲು ತಗೊಂಡ್ರು. ಕೇರೆ ಹಾವು, ವಿಷ ಇಲ್ಲ, ಹೆಗ್ಗಣ ತಿನ್ನೋಕೆ ಬಂದಿದೆ ಅಂತ ನಾನು ಹೇಳಿದ್ರೆ "ಪಿಳ್ಳೆ ಕೊಟ್ರೆ ಬೇಡ ಅನ್ನುತ್ತಾ ಅದು?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ರ ಇಲ್ಲ. ಬೇಲಿ ದಾಟಿ ಹೋಯ್ತು, ಬಿಟ್ವಿ.

ಕಳಸದ_ಕಾಫಿ
ಅಮ್ಮ ಹೇಳಿದ್ದೂ ಸುಳ್ಳಲ್ಲ 😂 ಕೇರೆ ಹೊಲದಲ್ಲಿರ್ಲಿ, ಪಿಳ್ಳೆ ಅರ್ಧ ಇಂಚಿನ ಜಾಲರಿ ಒಳಗಿರ್ಲಿ. ಆಗೋದಾದ್ರೆ ಗೂಡನ್ನ ನೆಲ ಬಿಟ್ಟು ಎತ್ತಿ. ಎರಡೂವರೆ ಅಡಿ ಕಾಲಿನ ಮೇಲೆ ಮರದ ಪಟ್ಟಿ ನೆಲ, ಕಾಲಿಗೆ ನುಣ್ಣಗಿನ ತಗಡು ಸುತ್ತಿ, ಹೆಗ್ಗಣ ಹತ್ತೋಕೆ ಜಾರತ್ತೆ. ಹಿಕ್ಕೆ ಕೆಳಗೆ ಬೀಳತ್ತೆ, ಬಾಳೆ ಬುಡಕ್ಕೆ ಹಾಕ್ಬೋದು. ಖರ್ಚು ಬೇಡ ಅಂದ್ರೆ ಈ ನೆಲಕ್ಕೇ ಒಡೆದ ಗಾಜು, ಜಲ್ಲಿ ಹಾಕಿ ಮೇಲೆ ಕಾಂಕ್ರೀಟ್ ಹೊಡೀರಿ. ಬರೀ ಸಿಮೆಂಟ್ ತೆಳ್ಳಗೆ ಬಳಿದ್ರೆ ಅಂಚಿಂದ ಕೊರೆದು ಬರತ್ತೆ.

ಹಿತ್ಲುಮನೆ_ಕುಣಿಗಲ್
ಕಾಂಕ್ರೀಟೇ ಹಾಕ್ತೀನಿ. ಉಳಿದ ಐದು ಪಿಳ್ಳೆ ಈಗ ಅಡುಗೆ ಮನೆ ಪಕ್ಕ ಪಂಜರದಲ್ಲಿ. ಮುಂದಿನ ಸಂತೇಲಿ ಇನ್ನೊಂದೆರಡು ಯಾಟೆ ತರೋಣ ಅಂತಿದೀನಿ.

ಚಿಕ್ಕಬಳ್ಳಾಪುರ_ರೇಷ್ಮೆ
ಸಂತೆ ಕೋಳಿ ತಂದು ಸೀದಾ ನಿಮ್ಮ ಕೋಳಿ ಜೊತೆ ಬಿಡ್ಬೇಡಿ ಬ್ರದರ್. ನಮ್ಮ ತಾಲ್ಲೂಕಿನ ವರದಹಳ್ಳಿಲಿ 2025ರ ಫೆಬ್ರವರಿ ಕೊನೇಲಿ ಹಕ್ಕಿಜ್ವರ ಬಂದಾಗ ನೋಡಿದೀವಿ, ಕಾಯಿಲೆ ಬಂದಿದ್ದು ಹಿತ್ತಲ ಕೋಳಿಗೇ. ಇಲಾಖೆಯವ್ರು ಬಂದು ಊರಿನ ಕೋಳಿನೆಲ್ಲಾ ಸಾಯ್ಸಿ ಹೂಳಿದ್ರು, ಚೆನ್ನಾಗಿದ್ದಿದ್ದೂ ಸೇರಿ. ಅಜ್ಜಿಯರು ಅತ್ತಿದ್ದು ಇನ್ನೂ ಕಣ್ಮುಂದೆ ಇದೆ. ಒಂದೇ ದಿನ ನಾಲ್ಕೈದು ಕೋಳಿ ಕಾರಣ ಇಲ್ದೆ ಬಿದ್ರೆ ಮುಚ್ಚಿಡದೆ ಪಶು ಆಸ್ಪತ್ರೆಗೆ ಹೇಳಿ, ಸತ್ತಿದ್ದನ್ನ ಕೆರೆಗೆ ಎಸೀಬೇಡಿ.

ನಿವೃತ್ತ_ಪಶುವೈದ್ಯ
ಹಕ್ಕಿಜ್ವರ ಅಪರೂಪ, ಸಂತೆಯಿಂದ ಪ್ರತಿ ವರ್ಷ ಬರೋದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಬಿಳಿ ಭೇದಿ, ಉಬ್ಬಸ, ಕೊನೆಗೆ ಕುತ್ತಿಗೆ ತಿರುಚಿಕೊಂಡು ಸುತ್ತೋದು. ಬಂದ ಮೇಲೆ ಔಷಧ ಇಲ್ಲ, ಊರಿನ ಕೋಳಿಯೆಲ್ಲ ಒಂದೇ ವಾರದಲ್ಲಿ ಖಾಲಿ. ಹೊಸ ಕೋಳಿಯನ್ನ ಎರಡು ಮೂರು ವಾರ ಬೇರೆ ಕಡೆ ಕಟ್ಟಿ, ಅದರ ನೀರು ತಟ್ಟೆಯೂ ಬೇರೆ ಇರಲಿ, ಮೇವು ಹಾಕೋವಾಗ ನಿಮ್ಮ ಕೋಳಿಗೆ ಮೊದಲು, ಅದಕ್ಕೆ ಕೊನೆಗೆ. ಪಿಳ್ಳೆಗೆ ಐದರಿಂದ ಏಳನೇ ದಿನದೊಳಗೆ ಈ ರೋಗದ ಲಸಿಕೆ ಲಸೋಟ ಒಂದು ಹನಿ ಕಣ್ಣಿಗೆ, ನಾಲ್ಕನೇ ವಾರ ಮತ್ತೊಂದು ಸಲ. ಎಂಟು ವಾರ ದಾಟಿದ ಮೇಲೆ ಇದೇ ರೋಗಕ್ಕೆ ಆರ್‌ಟುಬಿ ಇಂಜೆಕ್ಷನ್. ಆರ್‌ಟುಬಿಯನ್ನ ಸಣ್ಣ ಪಿಳ್ಳೆಗೆ ಕೊಡಬೇಡಿ, ಲಸಿಕೆಯೇ ಕಾಯಿಲೆ ಆಗುತ್ತೆ.

ಹಿತ್ಲುಮನೆ_ಕುಣಿಗಲ್
ಪಶು ಆಸ್ಪತ್ರೆಲಿ ಕೇಳ್ದೆ ಸರ್, ಒಂದು ಬಾಟ್ಲಿ ನೂರು ಡೋಸು, ಒಡೆದ್ರೆ ಅವತ್ತೇ ಮುಗಿಸ್ಬೇಕು, ಇಪ್ಪತ್ತು ಕೋಳಿಗೆ ಒಡೆಯಲ್ಲ ಅಂದ್ರು.

ನಿವೃತ್ತ_ಪಶುವೈದ್ಯ
ಅವತ್ತೇ ಅಲ್ಲ, ಕಲಸಿದ ಎರಡು ಗಂಟೆಯೊಳಗೆ. ಬೀದಿಯವರನ್ನ ಸೇರಿಸಿಕೊಳ್ಳಿ, ನೂರು ಕೋಳಿ ಸಿಗೋದು ಕಷ್ಟವೇನಲ್ಲ. ಫ್ಲಾಸ್ಕ್ ತುಂಬ ಐಸ್ ಹಾಕಿಕೊಂಡು ಹೋಗಿ ತನ್ನಿ. ರಾತ್ರಿ ಗೂಡು ಸೇರಿದ ಮೇಲೋ ಬೆಳಿಗ್ಗೆ ಬಿಡೋ ಮುಂಚೆಯೋ ಹಾಕಿ, ಹಗಲಲ್ಲಿ ನಾಟಿ ಕೋಳಿ ಹಿಡಿಯೋಕೆ ಎರಡು ಗಂಟೆ ಸಾಲಲ್ಲ. ಸುಸ್ತಾಗಿ ತೂಕಡಿಸ್ತಿರೋ ಕೋಳಿಗೆ ಆ ದಿನ ಬೇಡ.

ಎಡೆಯೂರು_ತೆಂಗು
ಅಣ್ಣ ನಾನು ಎಡೆಯೂರು, ನಿಮ್ಮ ಪಕ್ಕದವ್ನೇ. ನನ್ನತ್ರ ಮೂವತ್ತು ಮೇಲಿದಾವೆ, ನಮ್ಮ ಚಿಕ್ಕಪ್ಪಂದು ಇನ್ನೊಂದು ಇಪ್ಪತ್ತು. ಭಾನುವಾರ ಬೆಳಿಗ್ಗೆ ಇಟ್ಕೊಳ್ಳೋಣ, ಫ್ಲಾಸ್ಕ್ ನಾನು ತರ್ತೀನಿ. ಆದ್ರೆ ನಮ್ಮ ಕೋಳಿ ಹುಣಸೆ ಮರದ ತುದೀಲಿ ಮಲಗೋದು, ಅದನ್ನ ಇಳ್ಸೋಕೆ ಯಾರಾದ್ರೂ ಹುಡುಗ್ರು ಇದ್ರೆ ಕರ್ಕೊಂಡ್ ಬನ್ನಿ.

ಹಿತ್ಲುಮನೆ_ಕುಣಿಗಲ್
ತಮ್ಮನ್ನ ಕರ್ಕೊಂಡ್ ಬರ್ತೀನಿ. ಎಣಿಸೋದೂ ಅವನೇ ಎಣಿಸ್ಲಿ.